ಮೂರು ಅಳತೆ ಹಿಟ್ಟು, ಒಂದು ಚಿಟಿಕೆ ಉಪ್ಪು

ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿಗಳು ಬಾಗಿಲಿಗೆ ಬಂದರೆ ಮನೆಯಲ್ಲಿ ಏಕಕಾಲಕ್ಕೆ ಎರಡು ಕಾರ್ಯಗಳು ನಡೆಯುತ್ತವೆ. ಯಜಮಾನನು ಹೊರಗೆ ನಿಂತು, ಬರಬೇಕು, ಊಟಮಾಡದೆ ಹೋಗಲಾಗದು, ಎಂದು ಉಪಚಾರದ ಮಾತನಾಡುತ್ತಾನೆ. ಅದೇ ನಿಮಿಷದಲ್ಲಿ ಗೃಹಿಣಿಯು ಒಳಗೆ ಹಿಟ್ಟಿನ ಡಬ್ಬದ ಮುಚ್ಚಳವನ್ನೆತ್ತಿ ಎಷ್ಟು ಉಳಿದಿದೆಯೆಂದು ನೋಡುತ್ತಾಳೆ. ಯಜಮಾನನ ಮಾತಿಗೆ ಲೋಕವು ಔದಾರ್ಯವೆಂದು ಹೆಸರಿಟ್ಟಿದೆ. ಗೃಹಿಣಿಯ ಆ ನೋಟಕ್ಕೆ ಏನೆಂದು ಹೆಸರಿಡಬೇಕು? ಕೃಪಣತೆಯೆನ್ನಬೇಕೆ, ವಿವೇಕವೆನ್ನಬೇಕೆ?

ಈ ಪ್ರಶ್ನೆಯು ಇಂದು ನಿನ್ನೆಯದಲ್ಲ. ಯೆಹೂದ್ಯರ ಪವಿತ್ರಗ್ರಂಥವಾದ ತೋರಾದ ಮೊದಲನೆಯ ಭಾಗದಲ್ಲಿ, ಎಂದರೆ ಕನ್ನಡ ಬೈಬಲಿನಲ್ಲಿ ಆದಿಕಾಂಡವೆಂದು ಕರೆಯಲ್ಪಡುವ ಗ್ರಂಥದ ೧೮ನೆಯ ಮತ್ತು ೧೯ನೆಯ ಅಧ್ಯಾಯಗಳಲ್ಲಿ, ಎರಡು ಆತಿಥ್ಯದ ಕಥೆಗಳು ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಒಂದರಲ್ಲಿ ಹಿಟ್ಟಿನ ಮಾತು ಬರುತ್ತದೆ. ಇನ್ನೊಂದರಲ್ಲಿ ಉಪ್ಪಿನ ಮಾತು. ಆ ಹಿಟ್ಟನ್ನೂ ಈ ಉಪ್ಪನ್ನೂ ಹಿಡಿದು ಯೆಹೂದ್ಯ ಪಂಡಿತರು ಸಾವಿರದ ಐನೂರು ವರ್ಷಗಳಿಗೂ ಮಿಕ್ಕು ವಿಚಾರಮಾಡುತ್ತ ಬಂದಿದ್ದಾರೆ. ಆ ವಿಚಾರದಲ್ಲಿ ಪ್ರತಿಯೊಂದು ಸಂಸಾರಕ್ಕೂ ಸಲ್ಲುವ ಕೆಲವು ಮಾತುಗಳಿರುವುದರಿಂದ ಅವನ್ನು ಇಲ್ಲಿ ವಾಚಕರ ಮುಂದಿಡಲಾಗಿದೆ.

ಮೊದಲು ಹಿಟ್ಟಿನ ಕಥೆ. ಹೆಬ್ರೋನಿನ ಬಳಿ ಮಮ್ರೆಯ ತೋಪಿನಲ್ಲಿ ಅಬ್ರಹಾಮನ ಗುಡಾರವಿತ್ತು. ಅವನಿಗೆ ಆಗ ೯೯ ವರ್ಷ ವಯಸ್ಸು. ಸುನ್ನತಿಯ ವ್ರಣವು ಇನ್ನೂ ಮಾಯದ ಮೂರನೆಯ ದಿನವದು ಎಂದು ಸಂಪ್ರದಾಯವು ಹೇಳುತ್ತದೆ. ನೋಯುತ್ತಿರುವ ವೃದ್ಧನಿಗೆ ಅತಿಥಿಗಳ ಶ್ರಮವು ತಪ್ಪಲೆಂದು ದೇವರು ಸೂರ್ಯನನ್ನು ಒರೆಯಿಂದ ಹೊರಕ್ಕೆ ತೆಗೆದು, ದಾರಿಯಲ್ಲಿ ಯಾರೂ ನಡೆಯಲಾರದಂತೆ ಬಿಸಿಲನ್ನು ಉಗ್ರಮಾಡಿದನಂತೆ. ಆದರೆ ಅಬ್ರಹಾಮನಿಗೆ ಅತಿಥಿಗಳು ಬಾರದಿದ್ದದ್ದೇ ವ್ರಣಕ್ಕಿಂತ ಹೆಚ್ಚಿನ ನೋವಾಯಿತು. ದಾರಿಯನ್ನು ನೋಡಿ ಬರಲು ಸೇವಕನನ್ನು ಕಳುಹಿಸಿದನು. ಯಾರೂ ಇಲ್ಲವೆಂದು ಅವನು ಹಿಂದಿರುಗಿದನು. ಆ ಮಾತನ್ನು ನಂಬದೆ ತಾನೇ ಎದ್ದು ಹೊರಗೆ ಬಂದನು. ಈ ವಿವರಗಳೆಲ್ಲ ಮೂಲದಲ್ಲಿಲ್ಲ. ಬಾಬಿಲೋನಿನ ಯೆಹೂದ್ಯ ವಿದ್ಯಾಪೀಠಗಳಲ್ಲಿ ಕ್ರಿ.ಶ. ೫೦೦ರ ಸುಮಾರಿಗೆ ಬಹುಮಟ್ಟಿಗೆ ರೂಪುಗೊಂಡ ತಾಲ್ಮುದ್ ಎಂಬ ಮಹಾಗ್ರಂಥದಲ್ಲಿವೆ.

ಹೊರಗೆ ಬಂದ ಅಬ್ರಹಾಮನಿಗೆ ಮೂವರು ಅಪರಿಚಿತರು ಕಾಣಿಸಿದರು. ಅವರು ದೇವದೂತರೆಂಬುದು ಓದುವವರಿಗೆ ಮುಂದೆ ತಿಳಿಯತಕ್ಕ ವಿಷಯ. ಅಬ್ರಹಾಮನ ಕಣ್ಣಿಗೆ ಅವರು ಧೂಳು ಮೆತ್ತಿದ ಕಾಲುಗಳ ದಾರಿಹೋಕರು. ಅವನು ಓಡಿಹೋಗಿ ನಮಸ್ಕರಿಸಿ, ಸ್ವಲ್ಪ ನೀರು ತರಿಸುವೆನು, ಕಾಲು ತೊಳೆದು ಮರದಡಿಯಲ್ಲಿ ವಿಶ್ರಮಿಸಬೇಕು, ಒಂದು ತುತ್ತು ರೊಟ್ಟಿಯನ್ನು ತಿಂದು ಮುಂದಕ್ಕೆ ಹೋಗಬೇಕು ಎಂದು ಬೇಡಿಕೊಂಡನು. ಆ ಕ್ಷಣದ ವರೆಗೆ ದೇವರೇ ಅವನಿಗೆ ದರ್ಶನವಿತ್ತಿದ್ದನೆಂದು ಅಧ್ಯಾಯದ ಮೊದಲ ವಾಕ್ಯವು ತಿಳಿಸುತ್ತದೆ. ದರ್ಶನವನ್ನು ನಿಲ್ಲಿಸಿ ದಾರಿಹೋಕರ ಕಡೆಗೆ ಓಡಿದ ಈ ಮನುಷ್ಯನನ್ನು ಪಂಡಿತರು ಆಕ್ಷೇಪಿಸಲಿಲ್ಲ. ಅತಿಥಿಗಳನ್ನು ಬರಮಾಡಿಕೊಳ್ಳುವುದು ದೈವಸಾನ್ನಿಧ್ಯವನ್ನು ಬರಮಾಡಿಕೊಳ್ಳುವುದಕ್ಕಿಂತ ಮಿಗಿಲೆಂಬ ಸಿದ್ಧಾಂತವನ್ನು ಅವರು ಇದರಿಂದಲೇ ತೆಗೆದರು.

ಒಂದು ತುತ್ತು ರೊಟ್ಟಿಯೆಂದವನು ಒಳಗೆ ಬಂದು ಸಾರಳಿಗೆ ಹೇಳಿದ್ದು ಮೂರು ಸೆಯಾ ಹಿಟ್ಟಿನ ಲೆಕ್ಕ. ಸೆಯಾ ಎಂಬ ಆ ಹಳೆಯ ಅಳತೆಯನ್ನು ಕಡಮೆಯಾಗಿ ಎಣಿಸಿದರೂ ಮೂರು ಸೆಯಾ ಎಂದರೆ ೨೦ ಲೀಟರಿಗೆ ಮೇಲ್ಪಟ್ಟ ಹಿಟ್ಟಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಮಂದೆಗೆ ಓಡಿ ಎಳೆಯ ಕರುವನ್ನು ಆರಿಸಿ ಅಡಿಗೆಗೆ ಕೊಟ್ಟನು. ಬೆಣ್ಣೆ ಹಾಲುಗಳನ್ನು ತಂದನು. ಎಲ್ಲವನ್ನೂ ಬಡಿಸಿ ಅವರು ಉಣ್ಣುವಷ್ಟು ಹೊತ್ತೂ ತಾನು ಮರದಡಿಯಲ್ಲಿ ನಿಂತೇ ಇದ್ದನು. ಸಜ್ಜನರು ಸ್ವಲ್ಪ ಹೇಳಿ ಬಹಳ ಮಾಡುವರು, ದುರ್ಜನರು ಬಹಳ ಹೇಳಿ ಸ್ವಲ್ಪವನ್ನೂ ಮಾಡರು, ಎಂದು ತಾಲ್ಮುದ್ ಇಲ್ಲಿ ನೀತಿಯನ್ನು ತೆಗೆಯುತ್ತದೆ. ಬಹಳ ಹೇಳಿದವನ ದೃಷ್ಟಾಂತಕ್ಕೆ ಎಫ್ರೋನನೆಂಬವನನ್ನು ನಿಲ್ಲಿಸುತ್ತದೆ. ಸಾರಳು ಸತ್ತಾಗ ಸಮಾಧಿಗಾಗಿ ಅಬ್ರಹಾಮನು ನೆಲವನ್ನು ಕೇಳಲು, ಎಫ್ರೋನನು ಸಭೆಯೆದುರಿಗೆ ಉಚಿತವಾಗಿಯೇ ಕೊಡುವೆನೆಂದು ನುಡಿದು, ಕಡೆಗೆ ೪೦೦ ಶೆಕೆಲ್ ಬೆಳ್ಳಿಯನ್ನು ತೂಕಮಾಡಿಸಿ ತೆಗೆದುಕೊಂಡನು.

ಇಷ್ಟರ ವರೆಗೆ ಕಥೆಯು ಸುಗಮವಾಗಿದೆ. ತೊಡಕು ಹುಟ್ಟುವುದು ಹಿಟ್ಟಿನಲ್ಲಿ. ಮೂಲದ ಹೀಬ್ರೂ ವಾಕ್ಯದಲ್ಲಿ ಹಿಟ್ಟಿಗೆ ಎರಡು ಶಬ್ದಗಳು ಒಟ್ಟಿಗೆ ಬಂದಿವೆ. ಕೆಮಹ್ ಎಂದರೆ ಸಾಧಾರಣ ಹಿಟ್ಟು. ಸೋಲೆತ್ ಎಂದರೆ ಜರಡಿಯಾಡಿಸಿ ತೆಗೆದ ಉತ್ತಮವಾದ ಹಿಟ್ಟು. ಒಂದು ಅಕ್ಷರವೂ ವ್ಯರ್ಥವಾಗಿ ಬರಲಾರದೆಂದು ನಂಬಿದ ಪಂಡಿತರು, ಒಂದು ಶಬ್ದವು ಸಾಲದಾಯಿತೇಕೆಂದು ಕೇಳಿದರು. ರಬ್ಬಿ ಇಸಾಕರೆಂಬವರು ಉತ್ತರಕೊಟ್ಟರು: ಅತಿಥಿಗಳ ವಿಷಯದಲ್ಲಿ ಹೆಂಗಸಿನ ಕಣ್ಣು ಗಂಡಸಿನ ಕಣ್ಣಿಗಿಂತ ಇಕ್ಕಟ್ಟಾದುದೆಂದು ಇದರಿಂದ ತಿಳಿಯಬೇಕು. ಎಂದರೆ, ಸಾರಳು ಸಾಧಾರಣ ಹಿಟ್ಟು ಸಾಕೆಂದಳು. ಅಬ್ರಹಾಮನು ಉತ್ತಮವಾದುದೇ ಆಗಬೇಕೆಂದನು. ಆದಕಾರಣ ಎರಡು ಶಬ್ದಗಳು ಎಂದು ತಾತ್ಪರ್ಯ.

ನಮ್ಮ ಭಾಷೆಯು ದಾನಗುಣವನ್ನು ಕೈಯಲ್ಲಿ ಇರಿಸಿದೆ. ಉದಾರಿಯನ್ನು ಕೊಡುಗೈಯವನೆನ್ನುವೆವು, ಲೋಭಿಯನ್ನು ಬಿಗಿಗೈಯವನೆನ್ನುವೆವು. ಹೀಬ್ರೂ ಭಾಷೆಯು ಅದನ್ನು ಕಣ್ಣಿನಲ್ಲಿ ಇರಿಸಿದೆ. ಒಳ್ಳೆಯ ಕಣ್ಣೆಂದರೆ ಔದಾರ್ಯ. ಇಕ್ಕಟ್ಟಾದ ಕಣ್ಣೆಂದರೆ ಲೋಭ. ಕ್ರಿ.ಶ. ೨೦೦ರ ಸುಮಾರಿಗೆ ಸಂಕಲಿತವಾದ ಮಿಷ್ನಾದ ನೀತಿಭಾಗವು ಅಬ್ರಹಾಮನ ಶಿಷ್ಯರ ಲಕ್ಷಣಗಳನ್ನು ಎಣಿಸುವಾಗ ಒಳ್ಳೆಯ ಕಣ್ಣನ್ನೇ ಮೊದಲು ಹೇಳುತ್ತದೆ. ಹೀಗಿರಲು ಆ ಅಬ್ರಹಾಮನ ಧರ್ಮಪತ್ನಿಗೇ ಇಕ್ಕಟ್ಟಾದ ಕಣ್ಣನ್ನು ಆರೋಪಿಸಿದ್ದು ಸಣ್ಣ ಮಾತಲ್ಲ. ಇದನ್ನು ಓದಿದ ಗೃಹಿಣಿಯರಿಗೆ ಕೋಪವು ಬಂದರೆ ಅದು ಅನ್ಯಾಯದ ಕೋಪವಲ್ಲ.

ಆದರೆ ಕೋಪಕ್ಕೆ ಮುಂಚೆ ಒಂದು ಸಂಗತಿಯನ್ನು ಗಮನಿಸಬೇಕು. ಸಾರಳ ಹಿಟ್ಟನ್ನು ಹಿಡಿದ ಅದೇ ಪಂಡಿತರು ಅಬ್ರಹಾಮನ ನೀರನ್ನೂ ಬಿಡಲಿಲ್ಲ. ಅವನು ನೀರನ್ನು ತಾನೇ ತರುವೆನೆನ್ನಲಿಲ್ಲ, ತರಿಸುವೆನೆಂದನು. ಅಬ್ರಹಾಮನು ಸ್ವಹಸ್ತದಿಂದ ಮಾಡಿದ ಸೇವೆಗೆ ದೇವರು ಅವನ ಸಂತತಿಯವರಿಗೆ ಅರಣ್ಯದಲ್ಲಿ ತಾನೇ ನೇರವಾಗಿ ಪ್ರತಿಫಲವನ್ನಿತ್ತನು. ಆಳಿನ ಕೈಯಿಂದ ಮಾಡಿಸಿದ ಸೇವೆಗೆ ಇನ್ನೊಬ್ಬರ ಕೈಯಿಂದಲೇ ಕೊಡಿಸಿದನು. ಆದುದರಿಂದಲೇ ಅವರಿಗೆ ನೀರು ಬೇಕಾದಾಗ ಮೋಶೆಯು ಬಂಡೆಯನ್ನು ಹೊಡೆಯಬೇಕಾಯಿತು, ಎಂದು ತಾಲ್ಮುದ್ ಹೇಳುತ್ತದೆ. ಹೆಂಡತಿಯ ಹಿಟ್ಟಿನಲ್ಲಿ ಕೊರತೆಯನ್ನು ಕಂಡವರು ಗಂಡನ ನೀರಿನಲ್ಲಿಯೂ ಕಂಡರು. ತೂಗುವ ತಕ್ಕಡಿಯು ಇಬ್ಬರಿಗೂ ಒಂದೇ.

ಇನ್ನು ಹಿಟ್ಟಿನ ಮಾತೇ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಫ್ರಾನ್ಸ್ ದೇಶದ ತ್ರುವಾ ಪಟ್ಟಣದಲ್ಲಿ ಕ್ರಿ.ಶ. ೧೦೪೦ರಿಂದ ೧೧೦೫ರ ವರೆಗೆ ಜೀವಿಸಿದ್ದ ರಬ್ಬಿ ಶ್ಲೋಮೋ ಎಂಬವರು ಯೆಹೂದ್ಯ ವ್ಯಾಖ್ಯಾನಕಾರರಲ್ಲಿ ಅಗ್ರಗಣ್ಯರು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವರನ್ನು ರಾಶಿಯೆಂದು ಕರೆಯುವ ರೂಢಿಯಿದೆ. ತೋರಾಕ್ಕೆ ಬರೆದ ಟೀಕೆಯಲ್ಲಿ ಅವರು ಈ ಸ್ಥಳಕ್ಕೆ ಬಂದಾಗ ಸಾರಳ ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಉತ್ತಮವಾದ ಹಿಟ್ಟು ರೊಟ್ಟಿಗೆ; ಸಾಧಾರಣ ಹಿಟ್ಟು ಕುದಿಯುವ ಪಾತ್ರೆಯ ಮೇಲಣ ಕಲ್ಮಷವನ್ನು ಹೀರಿಕೊಳ್ಳುವಂತೆ ಅಡಿಗೆಯವರು ಹಾಕುವ ಕಣಕಕ್ಕೆ, ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು. ಅಡಿಗೆಮನೆಯನ್ನು ಕಣ್ಣಿಟ್ಟು ನೋಡಿದವರ ಉತ್ತರವಿದು. ಹೊರಗಿನಿಂದ ಜಿಪುಣತನದಂತೆ ಕಾಣುವುದು ಒಳಗೆ ಹೋಗಿ ನೋಡಿದರೆ ಕೆಲಸದ ಕ್ರಮವಾಗಿರುವುದುಂಟು.

ಬೆರೇಷಿತ್ ರಬ್ಬಾ ಎಂಬ, ಆದಿಕಾಂಡದ ಪ್ರಾಚೀನ ವ್ಯಾಖ್ಯಾನಗ್ರಂಥವು ಇನ್ನೂ ಮುಂದಕ್ಕೆ ಹೋಗುತ್ತದೆ. ಸಾರಳು ಬದುಕಿರುವಷ್ಟು ದಿನ ಗುಡಾರದ ಬಾಗಿಲುಗಳು ವಿಶಾಲವಾಗಿ ತೆರೆದಿದ್ದುವಂತೆ. ಕಲಸಿದ ಹಿಟ್ಟಿನಲ್ಲಿ ಆಶೀರ್ವಾದವು ನೆಲಸಿತ್ತಂತೆ. ಅವಳು ತೀರಿಕೊಂಡ ಮೇಲೆ ಅವೆಲ್ಲ ನಿಂತುಹೋದುವು. ಸೊಸೆಯಾದ ರೆಬೆಕ್ಕಳು ಬಂದ ಮೇಲೆಯೇ ಹಿಂದಿರುಗಿದುವು. ಯಜಮಾನನು ಆಗಲೂ ಬದುಕಿದ್ದನು, ಧನಕನಕಗಳೂ ಇದ್ದುವು. ಬಾಗಿಲು ಮಾತ್ರ ಮೊದಲಿನಂತೆ ತೆರೆದಿರಲಿಲ್ಲ. ಯಾರ ಕಣ್ಣು ಇಕ್ಕಟ್ಟೆಂದು ಒಬ್ಬರು ಹೇಳಿದರೋ ಅವಳಿಂದಲೇ ಆ ಮನೆಯು ವಿಶಾಲವಾಗಿದ್ದಿತೆಂದು ಇನ್ನೊಬ್ಬರು ಸಾಕ್ಷಿ ನುಡಿದಿದ್ದಾರೆ.

ಹಾಗಾದರೆ ಗೃಹಿಣಿಯು ಮುಚ್ಚಳವನ್ನೆತ್ತಿ ನೋಡುವುದೇಕೆ? ಇದಕ್ಕೆ ತಾಲ್ಮುದಿನಲ್ಲಿಯೇ ಒಂದು ದಾರುಣವಾದ ಉತ್ತರವಿದೆ. ಬರಗಾಲದ ಒಂದು ವರ್ಷ ಒಬ್ಬನು ಮೂವರು ಅತಿಥಿಗಳನ್ನು ಊಟಕ್ಕೆ ಕರೆದನು. ಮನೆಯಲ್ಲಿದ್ದುದು ಮೂರು ಮೊಟ್ಟೆಗಳಷ್ಟು ಆಹಾರ ಮಾತ್ರ. ಅತಿಥಿಗಳು ಕುಳಿತಿರುವಾಗ ಮನೆಯ ಮಗುವು ಬಂದು ಅವರ ಮುಂದೆ ನಿಂತಿತು. ಒಬ್ಬನು ಕನಿಕರಪಟ್ಟು ತನ್ನ ಪಾಲನ್ನು ಮಗುವಿಗೆ ಕೊಟ್ಟನು. ಎರಡನೆಯವನೂ ಮೂರನೆಯವನೂ ಹಾಗೆಯೇ ಮಾಡಿದರು. ತಂದೆಯು ಬಂದು ನೋಡಿದಾಗ ಒಂದು ಪಾಲು ಮಗುವಿನ ಬಾಯಲ್ಲಿ, ಎರಡು ಪಾಲು ಕೈಗಳಲ್ಲಿ. ಮಾನಹೋಯಿತೆಂಬ ಕೋಪದಿಂದ ಅವನು ಮಗುವನ್ನು ನೆಲಕ್ಕೆ ಬಡಿದನು, ಮಗುವು ಸತ್ತಿತು. ಅದನ್ನು ಕಂಡ ತಾಯಿಯು ಮಾಳಿಗೆಯನ್ನೇರಿ ಬಿದ್ದು ಪ್ರಾಣಬಿಟ್ಟಳು. ಅವನೂ ಹಾಗೆಯೇ ಸತ್ತನು. ತಮಗೆ ಬಡಿಸಿದುದನ್ನು ಮನೆಯ ಯಜಮಾನನನ್ನು ಕೇಳದೆ ಅವನ ಮಕ್ಕಳಿಗೆ ಕೊಡಕೂಡದೆಂದು ಅತಿಥಿಗಳಿಗೆ ವಿಧಿಸುವಾಗ ತಾಲ್ಮುದ್ ಈ ಕಥೆಯನ್ನು ಹೇಳುತ್ತದೆ.

ಅತಿಥಿಗಳಿಗೆ ಅದು ಪಾಠವಾದರೂ, ಕಥೆಯನ್ನು ಓದಿ ಪುಸ್ತಕವನ್ನು ಮುಚ್ಚಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಮಗುವಿನ ಹಸಿವು. ಆ ಮನೆಯಲ್ಲಿ ಕರೆದವನು ಡಬ್ಬದ ತಳವನ್ನು ನೋಡದೆ ಕರೆದನು. ಒಳಗಿನವರ ಪಾಲನ್ನು ತೆಗೆದು ಹೊರಗಿನವರಿಗೆ ಬಡಿಸಿ ಅದನ್ನು ಔದಾರ್ಯವೆಂದು ಎಣಿಸಿದನು. ಅಳೆದು ನೋಡುವ ಕಣ್ಣು ಒಂದು ಕ್ಷಣ ಮುಂಚೆ ಎಚ್ಚರಗೊಂಡಿದ್ದರೆ ಮೂರು ಜೀವಗಳು ಉಳಿಯುತ್ತಿದ್ದುವೆಂದು ನಮಗೆ ತೋರುತ್ತದೆ. ಗೃಹಿಣಿಯ ಕಣ್ಣು ಅತಿಥಿಯನ್ನು ಮಾತ್ರವಲ್ಲ, ಅತಿಥಿಯು ಹೋದ ಮೇಲೆ ತಟ್ಟೆಯ ಮುಂದೆ ಕೂರುವ ಮಕ್ಕಳನ್ನೂ ನಾಳೆಯ ಬೆಳಗನ್ನೂ ಒಟ್ಟಿಗೆ ನೋಡುತ್ತಿರುತ್ತದೆ. ಅಷ್ಟನ್ನೆಲ್ಲ ನೋಡುವ ಕಣ್ಣು ಸ್ವಲ್ಪ ಕಿರಿದಾದರೆ ಅದು ಇಕ್ಕಟ್ಟಿನಿಂದಲ್ಲ, ಏಕಾಗ್ರತೆಯಿಂದ.

ಅಬ್ಬಾ ಹಿಲ್ಕಿಯಾ ಎಂಬ ಸತ್ಪುರುಷನ ಕಥೆಯೂ ಇಲ್ಲಿ ಸ್ಮರಣೀಯವಾದುದು. ಮಳೆಯಿಲ್ಲದ ಕಾಲದಲ್ಲಿ ಪ್ರಾರ್ಥನೆಗಾಗಿ ಇಬ್ಬರು ಪಂಡಿತರು ಅವನಲ್ಲಿಗೆ ಬಂದರು. ಅವನು ಊಟಕ್ಕೆ ಕುಳಿತಾಗ ಅವರನ್ನು ಕರೆಯಲೇ ಇಲ್ಲ. ಕಾರಣವನ್ನು ಕೇಳಲು, ರೊಟ್ಟಿಯು ಎಲ್ಲರಿಗೂ ಸಾಲುವಷ್ಟಿರಲಿಲ್ಲ, ಬರಿಯ ಬಾಯುಪಚಾರದಿಂದ ನಿಮ್ಮ ಕೃತಜ್ಞತೆಯನ್ನು ಕದಿಯಲು ನನಗೆ ಇಷ್ಟವಾಗಲಿಲ್ಲ, ಎಂಬ ಅರ್ಥದ ಉತ್ತರವನ್ನು ಕೊಟ್ಟನು. ಬಳಿಕ ಅವನೂ ಅವನ ಹೆಂಡತಿಯೂ ಮಾಳಿಗೆಯ ಬೇರೆ ಬೇರೆ ಮೂಲೆಗಳಲ್ಲಿ ನಿಂತು ಪ್ರಾರ್ಥಿಸಿದರು. ಮೋಡವು ಮೊದಲು ಎದ್ದುದು ಹೆಂಡತಿಯ ಮೂಲೆಯಿಂದ. ಅದೇಕೆಂದು ಪಂಡಿತರು ಕೇಳಿದಾಗ ಅವನು ವಿವರಿಸಿದನು: ನಾನು ಬಡವರಿಗೆ ಹಣವನ್ನು ಕೊಡುತ್ತೇನೆ, ಅದರಿಂದ ಹಸಿವು ಕೂಡಲೇ ತೀರುವುದಿಲ್ಲ, ಮನೆಯಲ್ಲಿರುವ ಅವಳು ರೊಟ್ಟಿಯನ್ನೇ ಕೊಡುತ್ತಾಳೆ. ಗಂಡಸಿನ ದಾನವು ಲೆಕ್ಕದ ಪುಸ್ತಕವನ್ನು ಸೇರುತ್ತದೆ; ಹೆಂಗಸಿನ ದಾನವು ಹಸಿದವನ ಹೊಟ್ಟೆಯನ್ನು ಸೇರುತ್ತದೆ. ಇಕ್ಕಟ್ಟಾದ ಕಣ್ಣಿನ ಮಾತನ್ನು ಉಳಿಸಿಕೊಂಡ ಗ್ರಂಥವೇ ಈ ಮಾತನ್ನೂ ಉಳಿಸಿಕೊಂಡಿದೆಯೆಂಬುದನ್ನು ಮರೆಯಲಾಗದು.

ಈಗ ಉಪ್ಪಿನ ಕಥೆಗೆ ಬರೋಣ. ಅಬ್ರಹಾಮನ ಮನೆಯಲ್ಲಿ ಉಂಡ ಮೂವರಲ್ಲಿ ಇಬ್ಬರು ಅದೇ ಸಂಜೆ ಸೊದೋಮ್ ಪಟ್ಟಣಕ್ಕೆ ಬಂದರು. ಅಬ್ರಹಾಮನ ತಮ್ಮನ ಮಗನಾದ ಲೋಟನು ಊರ ಬಾಗಿಲಲ್ಲಿ ಕುಳಿತಿದ್ದವನು ಎದ್ದು ಬಲವಂತಮಾಡಿ ಅವರನ್ನು ಮನೆಗೆ ಕರೆತಂದನು. ಊಟವನ್ನು ಸಿದ್ಧಪಡಿಸಿದವನೂ ಅವನೇ. ಹೆಂಡತಿಯ ಹೆಸರೂ ಕೆಲಸವೂ ಅಲ್ಲಿ ಬರುವುದಿಲ್ಲ. ರಾತ್ರಿ ಊರವರು ಮನೆಯನ್ನು ಮುತ್ತಿದರು. ಮರುದಿನ ಊರು ನಾಶವಾಯಿತು. ಓಡಿಹೋಗುವಾಗ ಹಿಂದಿರುಗಿ ನೋಡಿದ ಲೋಟನ ಹೆಂಡತಿಯು ಉಪ್ಪಿನ ಕಂಬವಾದಳು.

ಉಪ್ಪೇ ಏಕೆ? ಅವಳು ಉಪ್ಪಿನಿಂದ ಪಾಪಮಾಡಿದಳು, ಆದಕಾರಣ ಉಪ್ಪಿನಿಂದ ಶಿಕ್ಷೆಯನ್ನು ಪಡೆದಳು, ಎಂದು ವ್ಯಾಖ್ಯಾನವು ಹೇಳುತ್ತದೆ. ಅತಿಥಿಗಳಿಗೆ ಸ್ವಲ್ಪ ಉಪ್ಪನ್ನು ಕೊಡೆಂದು ಲೋಟನು ಕೇಳಿದಾಗ, ಈ ಕೆಟ್ಟ ಪದ್ಧತಿಯನ್ನೂ ಈ ಊರಿಗೆ ತರಬೇಕೆಂದಿರುವೆಯಾ ಎಂದು ಅವಳು ಗದರಿದಳೆಂದು ರಾಶಿಯ ಟೀಕೆಯಲ್ಲಿದೆ. ಬೆರೇಷಿತ್ ರಬ್ಬಾದಲ್ಲಿ ಇದು ಇನ್ನೂ ಕ್ರೂರವಾಗಿದೆ. ಅವಳು ನೆರೆಹೊರೆಯ ಮನೆಮನೆಗೂ ಹೋಗಿ, ನಮ್ಮಲ್ಲಿ ಅತಿಥಿಗಳಿದ್ದಾರೆ, ಸ್ವಲ್ಪ ಉಪ್ಪು ಬೇಕಾಗಿತ್ತು, ಎಂದು ಕೇಳಿದಳು. ಅವಳಿಗೆ ಬೇಕಾದುದು ಉಪ್ಪಲ್ಲ. ಅತಿಥಿಗಳಿರುವ ಸುದ್ದಿಯು ಊರಿಗೆ ಮುಟ್ಟಬೇಕಾಗಿದ್ದಿತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯೆಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಈ ಉಪ್ಪಿನ ಕಹಿಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆ ಊರಾದರೂ ಎಂಥದು? ನಮ್ಮ ನೆಲವೇ ನಮಗೆ ಅನ್ನವನ್ನು ಕೊಡುವಾಗ, ನಮ್ಮದನ್ನು ಕಡಮೆಮಾಡುವ ದಾರಿಹೋಕರು ನಮಗೇಕೆ, ಎಂದು ಸೊದೋಮಿನವರು ತೀರ್ಮಾನಿಸಿಕೊಂಡರೆಂದು ತಾಲ್ಮುದ್ ವರ್ಣಿಸುತ್ತದೆ. ಬಡವನು ಬಂದರೆ ಪ್ರತಿಯೊಬ್ಬನೂ ತನ್ನ ಹೆಸರನ್ನು ಬರೆದ ನಾಣ್ಯವನ್ನು ಅವನಿಗೆ ಕೊಡುವನು. ಆದರೆ ರೊಟ್ಟಿಯನ್ನು ಮಾತ್ರ ಯಾರೂ ಕೊಡರು. ಕೈತುಂಬ ಹಣವಿದ್ದೂ ಅವನು ಹಸಿದು ಸತ್ತಾಗ, ಪ್ರತಿಯೊಬ್ಬನೂ ಬಂದು ತನ್ನ ಹೆಸರಿನ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಅತಿಥಿಗಳಿಗೆಂದು ಒಂದು ಮಂಚವಿದ್ದಿತು. ಮಲಗಿದವನು ಉದ್ದವಾಗಿದ್ದರೆ ಕತ್ತರಿಸುವರು, ಗಿಡ್ಡನಾಗಿದ್ದರೆ ಎಳೆದು ಹಿಗ್ಗಿಸುವರು. ಒಬ್ಬ ಹುಡುಗಿಯು ನೀರಿನ ಕೊಡದಲ್ಲಿ ರೊಟ್ಟಿಯನ್ನು ಅಡಗಿಸಿ ಒಬ್ಬ ಬಡವನಿಗೆ ಕೊಡುತ್ತಿದ್ದಳು. ವಿಷಯವು ಬಯಲಾದಾಗ ಅವಳಿಗೆ ಜೇನನ್ನು ಬಳಿದು ಗೋಡೆಯ ಮೇಲೆ ನಿಲ್ಲಿಸಿದರು. ಜೇನ್ನೊಣಗಳು ಮುತ್ತಿ ಅವಳನ್ನು ಕೊಂದುವು. ಸೊದೋಮಿನ ಪಾಪವು ತುಂಬಿದ್ದು ಆ ಹುಡುಗಿಯ ಕೂಗಿನಿಂದಲೇ ಎಂದು ಪಂಡಿತರ ಮತ.

ಇಲ್ಲಿ ಕೃಪಣತೆಯ ನಿಜವಾದ ಸ್ವರೂಪವು ಕಾಣುತ್ತದೆ. ಸೊದೋಮಿನವರು ಬಡವರಾಗಿರಲಿಲ್ಲ. ಆ ಊರಿಗೆ ಗರ್ವವೂ ಅನ್ನಸಮೃದ್ಧಿಯೂ ನಿಶ್ಚಿಂತೆಯೂ ಇದ್ದು, ದೀನರ ಕೈಯನ್ನು ಮಾತ್ರ ಅದು ಹಿಡಿಯಲಿಲ್ಲವೆಂದು ಪ್ರವಾದಿಯಾದ ಯೆಹೆಜ್ಕೇಲನು ದೂರಿದ್ದಾನೆ. ನನ್ನದು ನನಗೆ, ನಿನ್ನದು ನಿನಗೆ, ಎಂಬವನು ಮಧ್ಯಮ ಗುಣದವನೆಂದು ಮಿಷ್ನಾದ ನೀತಿಭಾಗದಲ್ಲಿ ಒಂದು ಪಕ್ಷವಿದೆ; ಅದೇ ಸೊದೋಮಿನ ಗುಣವೆಂದು ಇನ್ನೊಂದು ಪಕ್ಷವಿದೆ. ಕೇಳುವುದಕ್ಕೆ ನ್ಯಾಯವಾಗಿರುವ ಈ ಮಾತು ಒಂದು ಊರಿನ ಕಟ್ಟಳೆಯಾದಾಗ ಬಾಗಿಲುಗಳು ಮುಚ್ಚುತ್ತವೆ. ಮುಚ್ಚಿದ ಮೇಲೆ ತೆರೆದವರೇ ಅಪರಾಧಿಗಳಾಗುತ್ತಾರೆ.

ಸಾರಳನ್ನೂ ಲೋಟನ ಹೆಂಡತಿಯನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಸಾರಳು ಯಾವ ಹಿಟ್ಟೆಂದು ಕೇಳಿರಬಹುದು. ಕೊಡಬೇಕೇ ಎಂದು ಕೇಳಲಿಲ್ಲ. ಚರ್ಚೆಯು ಏನೇ ಇರಲಿ, ಮೂರು ಅಳತೆಯ ಹಿಟ್ಟು ಅವಳ ಕೈಯಲ್ಲಿ ಕಲಸಲ್ಪಟ್ಟಿತು. ಲೋಟನ ಹೆಂಡತಿಗೆ ಒಂದು ಚಿಟಿಕೆ ಉಪ್ಪು ಭಾರವಾಗಲಿಲ್ಲ. ಅತಿಥಿಯೆಂಬ ಮನುಷ್ಯನೇ ಭಾರವಾದನು. ಅಳೆದು ಕೊಡುವವರಿಗೂ ಬಾಗಿಲು ಮುಚ್ಚುವವರಿಗೂ ಇರುವ ಅಂತರವಿದು. ಅದು ಹಿಟ್ಟಿನ ಮಟ್ಟದ ಅಂತರವಲ್ಲ.

ಯಜಮಾನರಿಗೂ ಇಲ್ಲಿ ಪಾಠವುಂಟು. ಅಬ್ರಹಾಮನ ಕಥೆಯ ಕೆಲವೇ ವಾಕ್ಯಗಳಲ್ಲಿ ಓಡಿದನೆಂಬ ಮಾತು ಎರಡು ಸಲ, ತ್ವರೆಯ ಮಾತು ಮೂರು ಸಲ ಬಂದಿದೆ. ಅವನು ಸಾರಳಿಗೆ ಆಜ್ಞೆಯನ್ನಿತ್ತು ನೆರಳಿನಲ್ಲಿ ಕುಳಿತುಬಿಡಲಿಲ್ಲ. ಮಂದೆಗೆ ಓಡಿದನು, ಬಡಿಸಿದನು, ನಿಂತಿದ್ದನು. ಕರೆಯುವ ಬಾಯಿಯೊಡನೆ ಕೆಲಸಮಾಡುವ ಕೈಯೂ ಯಜಮಾನನದಾದರೆ ಗೃಹಿಣಿಯ ಕಣ್ಣು ತಾನಾಗಿ ವಿಶಾಲವಾದೀತು. ಕರೆಯುವುದು ಒಬ್ಬರ ಪಾಲಿಗೆ, ಬೇಯುವುದು ಇನ್ನೊಬ್ಬರ ಪಾಲಿಗೆ ಆದ ಮನೆಯಲ್ಲಿ ಯಾರ ಕಣ್ಣು ಇಕ್ಕಟ್ಟೆಂದು ತೀರ್ಪುಕೊಡುವುದು ಸುಲಭವಲ್ಲ.

ಕಡೆಯದಾಗಿ ಅತಿಥಿಯ ಕಣ್ಣಿನ ಮಾತು. ಬೆನ್ ಜೋಮಾ ಎಂಬ ಪಂಡಿತರು ಅತಿಥಿಗಳಲ್ಲಿ ಎರಡು ಬಗೆಯನ್ನು ಹೇಳಿದ್ದಾರೆ. ಒಳ್ಳೆಯ ಅತಿಥಿಯು ಊಟಮಾಡಿ, ಈ ಮನೆಯವರು ಎಷ್ಟೊಂದು ಶ್ರಮಪಟ್ಟರು, ಅಷ್ಟೂ ನನಗೋಸ್ಕರವೇ, ಎನ್ನುತ್ತಾನೆ. ಕೆಟ್ಟ ಅತಿಥಿಯು, ನಾನು ತಿಂದದ್ದು ಒಂದು ತುಂಡು ರೊಟ್ಟಿ, ಮಿಕ್ಕ ಶ್ರಮವೆಲ್ಲ ಅವನ ಹೆಂಡತಿ ಮಕ್ಕಳಿಗಾಗಿ, ಎನ್ನುತ್ತಾನೆ. ಇಕ್ಕಟ್ಟಾದ ಕಣ್ಣು ಬಡಿಸುವವರಲ್ಲಿ ಮಾತ್ರವೇ ಇರುವುದೆಂದು ತಿಳಿಯಬಾರದು; ಉಂಡು ಏಳುವವರಲ್ಲಿಯೂ ಇರುತ್ತದೆ.

ಆದುದರಿಂದ ಮುಂದಿನ ಸಲ ನಾವು ಒಬ್ಬರ ಮನೆಗೆ ಹೋದಾಗ, ಒಳಗೆ ಡಬ್ಬದ ಮುಚ್ಚಳದ ಸದ್ದು ಕೇಳಿಬಂದರೆ, ಅದನ್ನು ಜಿಪುಣತನವೆಂದು ಎಣಿಸದಿರೋಣ. ಇರುವುದರಲ್ಲಿ ನಮ್ಮ ಪಾಲನ್ನು ಸೇರಿಸಿಕೊಳ್ಳುವುದು ಹೇಗೆಂದು ಆ ಮನೆಯ ತಾಯಿಯು ಲೆಕ್ಕಹಾಕುತ್ತಿರುವ ಸದ್ದದು. ಮುಚ್ಚಿದ ಬಾಗಿಲ ಹಿಂದೆ ಅಂಥ ಸದ್ದು ಕೇಳಿಬರುವುದಿಲ್ಲ.